ಕಂತು ತಪ್ಪಿದರೆ ಕೆಲಸವೂ ತಪ್ಪುತ್ತದೆಯೇ?

2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಮಾತು ಹೇಳಿತು. ಮೊದಲ ಸಲ ಸಾಲ ಕೇಳಿ ಬಂದವರ ಅರ್ಜಿಯನ್ನು, ಹಿಂದಿನ ಸಾಲದ ದಾಖಲೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು. ಅದೇ ವರ್ಷ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಇನ್ನೊಂದು ಮಾತು ಹೇಳಿತು. ಸಾಲ ತೀರಿಸಿದ ದಾಖಲೆ ಚೆನ್ನಾಗಿಲ್ಲದ ಅಭ್ಯರ್ಥಿಯ ನೇಮಕಾತಿಯನ್ನು ಸ್ಟೇಟ್ ಬ್ಯಾಂಕ್ ರದ್ದು ಮಾಡಿದ್ದು ಸರಿ. ಇದರ ಜೊತೆಗೆ ಮೂರನೆಯ ಮಾತೊಂದು ಅಮೆರಿಕದಿಂದ ತೇಲಿ ಬಂದಿದೆ: ಅಲ್ಲಿ ಸಾಲ ಜಾಸ್ತಿ ಇದ್ದವರಿಗೆ ಸರ್ಕಾರ ಸೆಕ್ಯೂರಿಟಿ ಕ್ಲಿಯರೆನ್ಸ್ (ಗುಟ್ಟಿನ ಕೆಲಸಕ್ಕೆ ಬೇಕಾದ ಅನುಮತಿ) ಕೊಡುವುದಿಲ್ಲವಂತೆ.

ಈ ಮೂರೂ ಬೇರೆ ಬೇರೆ ಸಂಗತಿಗಳು. ಆದರೆ ಒಂದೇ ಫೋನಿನಲ್ಲಿ, ಒಂದೇ ವಾರದಲ್ಲಿ ಓದಿದವರಿಗೆ ಒಂದೇ ಅಂತ ಅನಿಸುತ್ತದೆ. ಸಿಬಿಲ್ (ಸಾಲ ತೀರಿಸಿದ ದಾಖಲೆ, ಅದಕ್ಕೆ ಕೊಡುವ ಅಂಕ) ಇಲ್ಲದಿದ್ದರೂ ಸಾಲ ಸಿಗುತ್ತದೆ, ಸಿಬಿಲ್ ಕೆಟ್ಟರೆ ಕೆಲಸ ಸಿಗುವುದಿಲ್ಲ. ಹಾಗಾದರೆ ಸಾಲ ಮಾಡಬೇಕೋ ಬೇಡವೋ? ಸಿಆರ್‌ಪಿಎಫ್‌ಗೆ ಅರ್ಜಿ ಹಾಕಿದವನಿಗೂ ಈ ನಿಯಮ ಇದೆಯೇ? ಅಪ್ಪನ ಬೆಳೆ ಸಾಲ ಬಾಕಿ ಇದ್ದರೆ ಮಗನ ಕೆಲಸಕ್ಕೆ ಕುತ್ತೇ?

ಈ ಭಯ ಇಲ್ಲಿ ಯಾಕೆ ಜಾಸ್ತಿ

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಸಾಲ ಅನ್ನುವುದು ಒಕ್ಕಲುತನದ ಒಂದು ಭಾಗ. ಸಿಂಧನೂರು, ಗಂಗಾವತಿ ಕಡೆ ಭತ್ತ ನಾಟಿ ಮಾಡುವ ಮೊದಲೇ ಗೊಬ್ಬರಕ್ಕೆ ಸಾಲ ಆಗಿರುತ್ತದೆ. ಹತ್ತಿ, ಮೆಣಸಿನಕಾಯಿ ಬೆಳೆಯುವವರ ಕಥೆಯೂ ಅಷ್ಟೆ. ನೀರು ಬಂದರೆ ಕಂತು ಕಟ್ಟುತ್ತಾರೆ, ಬರದಿದ್ದರೆ ಇಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆ ಕೆಳಗಿನ ರೈತರ ಎದೆ ಒಡೆದದ್ದು ಬರೀ ನೀರಿಗಲ್ಲ, ತೀರಿಸಬೇಕಿದ್ದ ಬಾಕಿಗೂ ಹೌದು.

ಇನ್ನೊಂದು ಕಡೆ ಇದೇ ಜಿಲ್ಲೆಗಳ ಹುಡುಗ ಹುಡುಗಿಯರು ಬ್ಯಾಂಕ್ ಪರೀಕ್ಷೆಗೆ, ಕೇಂದ್ರ ಪಡೆಗಳಿಗೆ, ಪೊಲೀಸ್ ಕೆಲಸಕ್ಕೆ ವರ್ಷಗಟ್ಟಲೆ ಓದುತ್ತಾರೆ. ಬಳ್ಳಾರಿಯಲ್ಲಂತೂ ಬ್ಯಾಂಕ್ ಕೆಲಸ ದೂರದ ಕನಸಲ್ಲ. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ 2025ರ ಮೇ 1ರಂದು ಒಂದಾದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಮುಖ್ಯ ಕಚೇರಿ ಇರುವುದು ಇದೇ ಊರಲ್ಲಿ. ಸಾಲದಲ್ಲಿ ಬೆಳೆದ ಮನೆಯ ಮಕ್ಕಳೇ ಸಾಲದ ದಾಖಲೆ ಕೇಳುವ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ. ಗಲಿಬಿಲಿ ಹುಟ್ಟುವುದು ಇಲ್ಲಿಂದ.

ಸಾಲಕ್ಕೂ ಗುಟ್ಟಿಗೂ ಏನು ನಂಟು

ಮೊದಲು ಅಮೆರಿಕದ ವಿಷಯ ಬಿಡಿಸಿಕೊಳ್ಳೋಣ. ಅಲ್ಲಿ ಸರ್ಕಾರದ ಗುಟ್ಟಿನ ಕಾಗದಪತ್ರ ಮುಟ್ಟುವ ಕೆಲಸಕ್ಕೆ ಬೇಕಾದ ಅನುಮತಿಯೇ ಸೆಕ್ಯೂರಿಟಿ ಕ್ಲಿಯರೆನ್ಸ್. ಕಾನ್ಫಿಡೆನ್ಷಿಯಲ್, ಸೀಕ್ರೆಟ್, ಟಾಪ್ ಸೀಕ್ರೆಟ್ ಅಂತ ಮೂರು ಹಂತ. ಅದು ಯಾರ ಹಕ್ಕೂ ಅಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ.

ಸಾಲ ನೋಡುವುದು ಯಾಕೆ? ಇದರ ಹಿಂದೆ ಕಹಿ ಅನುಭವ ಇದೆ. ಅಮೆರಿಕದ ನೌಕಾಪಡೆಯಲ್ಲಿದ್ದ ಜಾನ್ ವಾಕರ್ ಒಂದು ಬಾರ್ ತೆರೆದು ಕೈ ಸುಟ್ಟುಕೊಂಡಿದ್ದ. 1967ರಲ್ಲಿ ಸೋವಿಯತ್ ರಾಯಭಾರ ಕಚೇರಿಗೆ ಹೋಗಿ ಗುಟ್ಟು ಮಾರಲು ಶುರುಮಾಡಿದ. ಸಿಕ್ಕಿಬಿದ್ದದ್ದು 1985ರಲ್ಲಿ. ಅದೇ ವರ್ಷ ಸಿಐಎಯ ಆಲ್ಡ್ರಿಚ್ ಏಮ್ಸ್, ವಿಚ್ಛೇದನದ ಖರ್ಚು ಮತ್ತು ಸಾಲ ಮೈಮೇಲೆ ಬಂದಾಗ, 50,000 ಡಾಲರಿಗೆ ಸೋವಿಯತ್ತರ ಬಳಿ ಹೋದ. ಅವನು ಕೊಟ್ಟ ಹೆಸರುಗಳಿಂದ ಹಲವರು ಪ್ರಾಣ ಕಳೆದುಕೊಂಡರು. 1994ರವರೆಗೆ ಅವನು ಸಿಕ್ಕಲಿಲ್ಲ.

ಏಮ್ಸ್‌ನ ಕಥೆಯಲ್ಲಿ ಜನ ಮರೆಯುವ ಒಂದು ಭಾಗ ಇದೆ. ಸಾಲ ತೀರಿದ ಮೇಲೆ ಅವನು ಐದು ಲಕ್ಷ ಡಾಲರಿಗೂ ಹೆಚ್ಚು ಬೆಲೆಯ ಮನೆಯನ್ನು ನಗದು ಕೊಟ್ಟು ಕೊಂಡ, ಜಾಗ್ವಾರ್ ಕಾರಿನಲ್ಲಿ ಕಚೇರಿಗೆ ಬರುತ್ತಿದ್ದ. ಸರ್ಕಾರಿ ಸಂಬಳದಲ್ಲಿ ಇದು ಹೇಗೆ ಅಂತ ಬಹಳ ವರ್ಷ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಸಾಲ ಇದ್ದಾಗಲೂ ನೋಡಲಿಲ್ಲ, ಸಾಲ ತಟ್ಟನೆ ಮಾಯವಾದಾಗಲೂ ನೋಡಲಿಲ್ಲ. ಅದಕ್ಕೇ ಇವತ್ತಿನ ಅಮೆರಿಕದ ನಿಯಮ ಸಾಲವನ್ನು ಎಷ್ಟು ನೋಡುತ್ತದೋ, ಲೆಕ್ಕಕ್ಕೆ ಸಿಗದ ಸಿರಿತನವನ್ನೂ ಅಷ್ಟೇ ನೋಡುತ್ತದೆ.

ಎಷ್ಟು ಅನ್ನುವುದಕ್ಕಿಂತ ಯಾಕೆ ಅನ್ನುವುದು

2017ರ ಜೂನ್‌ನಲ್ಲಿ ಜಾರಿಗೆ ಬಂದ ಅಲ್ಲಿನ ಮಾರ್ಗಸೂಚಿಯಲ್ಲಿ ಒಟ್ಟು 13 ಭಾಗಗಳಿವೆ. ಎಫ್ ಭಾಗ ಹಣಕಾಸಿನದು. ಇಷ್ಟು ಡಾಲರ್ ಸಾಲ ಮೀರಿದರೆ ಅನರ್ಹ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಸಿಬಿಲ್ ತರಹದ ಅಂಕದ ಗೆರೆಯೂ ಇಲ್ಲ. ಅರ್ಜಿ ಹಾಕುವವರು ಕಳೆದ ಏಳು ವರ್ಷದಲ್ಲಿ 120 ದಿನಕ್ಕಿಂತ ಹೆಚ್ಚು ಬಾಕಿ ಬಿದ್ದ ಸಾಲಗಳನ್ನು ತಾವೇ ಬರೆದು ಕೊಡಬೇಕು. ಜೊತೆಗೆ ತೆರಿಗೆ ಬಾಕಿ, ಜೂಜಿನ ನಷ್ಟ.

ಆಮೇಲೆ ಅಧಿಕಾರಿ ಕೂತು ತೂಗುತ್ತಾರೆ. ಕೆಲಸ ಹೋಯಿತೇ? ವ್ಯಾಪಾರ ಮುರಿಯಿತೇ? ಆಸ್ಪತ್ರೆ ಖರ್ಚು ಬಂತೇ? ಮನೆಯಲ್ಲಿ ಸಾವಾಯಿತೇ? ಸಾಲ ಕೊಟ್ಟವರೇ ಮೋಸದ ಬಡ್ಡಿ ಹಾಕಿದರೇ? ಇವೆಲ್ಲ ಅರ್ಜಿದಾರರ ಪರವಾಗಿ ನಿಲ್ಲುವ ಕಾರಣಗಳು ಎಂದು ಮಾರ್ಗಸೂಚಿಯೇ ಹೆಸರಿಸಿದೆ. ಕಷ್ಟ ಬಂದ ಮೇಲೆ ಏನು ಮಾಡಿದರು ಅನ್ನುವುದೂ ಮುಖ್ಯ. ಸಾಲ ಕೊಟ್ಟವರ ಜೊತೆ ಮಾತಾಡಿ ಸ್ವಲ್ಪ ಸ್ವಲ್ಪವಾದರೂ ಕಟ್ಟುತ್ತಿದ್ದರೆ ಅದಕ್ಕೆ ಬೆಲೆ ಇದೆ. ಫೋನ್ ಸ್ವಿಚ್ ಆಫ್ ಮಾಡಿ ಕೂತಿದ್ದರೆ, ಅರ್ಜಿಯಲ್ಲಿ ಮುಚ್ಚಿಟ್ಟಿದ್ದರೆ ಇಲ್ಲ.

ಮುಚ್ಚಿಡುವುದೇ ಇಲ್ಲಿ ದೊಡ್ಡ ತಪ್ಪಾಗುವುದಕ್ಕೆ ಕಾರಣ ಸರಳ. ಎಲ್ಲರಿಗೂ ಗೊತ್ತಿರುವ ಸಾಲವನ್ನು ಹಿಡಿದು ಯಾರೂ ಹೆದರಿಸಲಾರರು. ಮುಚ್ಚಿಟ್ಟ ಸಾಲವನ್ನು ಹಿಡಿದು ಹೆದರಿಸಬಹುದು.

ನಮ್ಮಲ್ಲಿ ಬಾಗಿಲುಗಳು ಬೇರೆ ಬೇರೆ

ಈಗ ಊರಿಗೆ ಬರೋಣ. ನಮ್ಮಲ್ಲಿ ಎಲ್ಲ ಸರ್ಕಾರಿ ಕೆಲಸಕ್ಕೂ ಒಂದೇ ಅಳತೆಗೋಲು ಇಲ್ಲ.

ಕೇಂದ್ರ ಪಡೆಗಳಿಗೆ, ಕೇಂದ್ರದ ಇಲಾಖೆಗಳಿಗೆ ಆಯ್ಕೆಯಾದವರು ದೃಢೀಕರಣ ನಮೂನೆ ತುಂಬುತ್ತಾರೆ. ಎಲ್ಲಿ ವಾಸ ಇದ್ದಿರಿ, ಎಲ್ಲಿ ಓದಿದಿರಿ, ಬಂಧನ ಆಗಿದೆಯೇ, ಕೋರ್ಟಿನಲ್ಲಿ ಕೇಸು ಇದೆಯೇ, ಶಿಕ್ಷೆ ಆಗಿದೆಯೇ, ಪರೀಕ್ಷೆಯಿಂದ ಡಿಬಾರ್ ಆಗಿದ್ದಿರಾ. ಇವು ಅದರ ಮುಖ್ಯ ಪ್ರಶ್ನೆಗಳು. ಬ್ಯಾಂಕಿಗೆ ಎಷ್ಟು ಬಾಕಿ ಅನ್ನುವ ಪ್ರಶ್ನೆ ಅದರಲ್ಲಿಲ್ಲ. ಊರಿನ ಠಾಣೆಯಿಂದ ಪೊಲೀಸರು ವೆರಿಫಿಕೇಶನ್‌ಗೆ ಬಂದಾಗಲೂ ನೋಡುವುದು ನಡತೆ ಮತ್ತು ಕೇಸು. ಹಾಗಾಗಿ ಸಿಆರ್‌ಪಿಎಫ್‌ಗೆ ಹೋಗುವ ಹುಡುಗ ಬೈಕ್ ಸಾಲದ ಎರಡು ಕಂತು ತಪ್ಪಿಸಿದ್ದಕ್ಕೆ ನಿದ್ದೆಗೆಡಬೇಕಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಲೆಕ್ಕ ಬೇರೆ. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲಿ 17ನೇ ನಿಯಮ ಪೂರ್ತಿ ಸಾಲದ ಬಗ್ಗೆಯೇ ಇದೆ. ನೌಕರ ಸದಾ ಸಾಲದಲ್ಲಿ ಮುಳುಗಿರಬಾರದು, ದಿವಾಳಿ ಆಗಬಾರದು. ಸಾಲ ವಸೂಲಿಗೆ ಯಾರಾದರೂ ಕೋರ್ಟಿಗೆ ಹೋದರೆ ಕೂಡಲೇ ಸರ್ಕಾರಕ್ಕೆ ತಿಳಿಸಬೇಕು. ಸಾಲವಾದದ್ದು ಕೈಮೀರಿದ ಕಾರಣಕ್ಕೆ, ದುಂದುವೆಚ್ಚಕ್ಕಲ್ಲ ಅಂತ ತೋರಿಸುವ ಹೊಣೆ ನೌಕರನದೇ. ಗಮನಿಸಿ, ಇಲ್ಲೂ ‘ಯಾಕೆ’ ಅನ್ನುವ ಪ್ರಶ್ನೆ ಇದೆ. ಅಮೆರಿಕದ ಮಾರ್ಗಸೂಚಿ ಹೇಳುವ ಮಾತನ್ನೇ ನಮ್ಮ ಹಳೇ ನಿಯಮ ತನ್ನ ಧಾಟಿಯಲ್ಲಿ ಹೇಳಿದೆ.

ನೇರವಾಗಿ ಸಿಬಿಲ್ ನೋಡುವುದು ಬ್ಯಾಂಕುಗಳು. ಬ್ಯಾಂಕ್ ಪರೀಕ್ಷೆ ನಡೆಸುವ ಸಂಸ್ಥೆಯಾದ ಐಬಿಪಿಎಸ್ ಮೂಲಕ ನಡೆಯುವ ಸರ್ಕಾರಿ ಬ್ಯಾಂಕುಗಳ ನೇಮಕಾತಿ ಪ್ರಕಟಣೆಯಲ್ಲಿ ಈ ಷರತ್ತು ಬರುತ್ತಿದೆ: ಕೆಲಸಕ್ಕೆ ಸೇರುವ ಹೊತ್ತಿಗೆ ಅಭ್ಯರ್ಥಿಯ ಸಾಲದ ಇತಿಹಾಸ ಚೆನ್ನಾಗಿರಬೇಕು. ಹಳೇ ಬಾಕಿ ಸಿಬಿಲ್‌ನಲ್ಲಿ ಹಾಗೇ ಕಾಣುತ್ತಿದ್ದರೆ, ಅದನ್ನು ಸರಿಪಡಿಸಿಕೊಂಡು ಬರಬೇಕು, ಇಲ್ಲವೇ ಏನೂ ಬಾಕಿ ಇಲ್ಲ ಅಂತ ಸಾಲ ಕೊಟ್ಟವರಿಂದ ಎನ್‌ಒಸಿ ತರಬೇಕು. ಎರಡೂ ಆಗದಿದ್ದರೆ ನೇಮಕಾತಿ ಪತ್ರ ವಾಪಸ್ ಹೋಗಬಹುದು.

ಈ ಷರತ್ತಿನಲ್ಲಿ ಒಂದು ಕಿಂಡಿ ಇದೆ. ತೀರಿಸಿ, ಪತ್ರ ತಂದರೆ ಒಳಗೆ ಹೋಗಬಹುದು. ಮದ್ರಾಸ್ ಹೈಕೋರ್ಟಿಗೆ ಹೋದ ಪ್ರಕರಣದಲ್ಲಿ ಆ ಕಿಂಡಿ ಕೆಲಸಕ್ಕೆ ಬರಲಿಲ್ಲ.

ಕೋರ್ಟು ಹೇಳಿದ್ದೇನು

ಆ ಪ್ರಕಟಣೆ 2020ರದ್ದು, ಸ್ಟೇಟ್ ಬ್ಯಾಂಕಿನ ಅಧಿಕಾರಿ ಹುದ್ದೆಗೆ. ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡ ದಾಖಲೆ ಇರುವವರು, ಸಿಬಿಲ್‌ನಲ್ಲಿ ಪ್ರತಿಕೂಲ ವರದಿ ಇರುವವರು ನೇಮಕಾತಿಗೆ ಅರ್ಹರಲ್ಲ ಅಂತ ಅದರಲ್ಲಿತ್ತು. ಅಭ್ಯರ್ಥಿ ಆಯ್ಕೆಯಾದರು, ನೇಮಕಾತಿ ಪತ್ರವೂ ಬಂತು. ಆಮೇಲೆ ಸಿಬಿಲ್ ನೋಡಿ 2021ರಲ್ಲಿ ಬ್ಯಾಂಕ್ ಅದನ್ನು ರದ್ದು ಮಾಡಿತು.

ಅಭ್ಯರ್ಥಿಯ ವಾದ: ಪ್ರಕಟಣೆ ಬರುವ ಹೊತ್ತಿಗೆ ನಾನು ಎಲ್ಲ ಸಾಲ ತೀರಿಸಿದ್ದೆ, ಆ ದಿನ ನಾನು ಬಾಕಿದಾರ ಅಲ್ಲ. ಕೋರ್ಟು ಒಪ್ಪಲಿಲ್ಲ. ಷರತ್ತು ಹೇಳುವುದು ಇವತ್ತಿನ ಬಾಕಿ ಮಾತ್ರವಲ್ಲ, ಹಿಂದಿನ ನಡೆಯೂ ಹೌದು. ಬ್ಯಾಂಕಿನಲ್ಲಿ ಜನರ ದುಡ್ಡು ಇರುತ್ತದೆ, ಅದನ್ನು ಕಾಯುವವರಿಗೆ ಹಣದ ಶಿಸ್ತು ಬೇಕು. ಷರತ್ತು ಓದಿ ಒಪ್ಪಿ ಅರ್ಜಿ ಹಾಕಿದವರು ಆಮೇಲೆ ಅದನ್ನೇ ಪ್ರಶ್ನಿಸುವಂತಿಲ್ಲ.

ಬ್ಯಾಂಕಿನ ಕಡೆಯಿಂದ ನೋಡಿದರೆ ಇದರಲ್ಲಿ ಹುರುಳಿದೆ. ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ಕೂರುವವರು ತಮ್ಮ ಸಾಲವನ್ನೇ ಕಟ್ಟಿಲ್ಲ ಅಂದರೆ ಎದುರಿಗೆ ಕೂತ ಗ್ರಾಹಕರಿಗೆ ಏನು ಹೇಳುತ್ತಾರೆ? ಕ್ಯಾಶ್ ಕೌಂಟರಿನಲ್ಲಿ ಇರುವವರ ಮೇಲೆ ಸಾಲ ಕೊಟ್ಟವರ ಒತ್ತಡ ಇದ್ದರೆ ಅಪಾಯ ಯಾರಿಗೆ?

ಎದುರು ವಾದಕ್ಕೂ ತೂಕ ಇದೆ. ಸಿಬಿಲ್ ಅಂಕ 300ರಿಂದ 900ರವರೆಗೆ ಹೋಗುತ್ತದೆ. ಈ ವ್ಯಕ್ತಿಗೆ ಕೊಟ್ಟ ಸಾಲ ವಾಪಸ್ ಬರುತ್ತದೆಯೇ ಅಂತ ಅಂದಾಜು ಮಾಡಲು ಕಟ್ಟಿದ ಲೆಕ್ಕ ಅದು. ಈ ವ್ಯಕ್ತಿ ಕದಿಯುತ್ತಾರೆಯೇ ಅಂತ ಅದು ಹೇಳುವುದಿಲ್ಲ. ಬಾಕಿ ಬಿದ್ದದ್ದು ಐಪಿಎಲ್ ಬೆಟ್ಟಿಂಗ್‌ನಿಂದಲೋ ತಾಯಿಯ ಆಪರೇಷನ್‌ನಿಂದಲೋ ಅದಕ್ಕೆ ಗೊತ್ತಾಗುವುದಿಲ್ಲ. ಎರಡಕ್ಕೂ ಒಂದೇ ಅಂಕ. ಅಮೆರಿಕದಲ್ಲೇ ಇಲಿನಾಯ್, ಕ್ಯಾಲಿಫೋರ್ನಿಯಾದಂತಹ ರಾಜ್ಯಗಳು, ಹಣ ಮತ್ತು ಭದ್ರತೆಯ ಕೆಲವು ಕೆಲಸ ಬಿಟ್ಟು ಉಳಿದ ಕಡೆ ಮಾಲೀಕರು ಅಭ್ಯರ್ಥಿಯ ಸಾಲದ ದಾಖಲೆ ನೋಡದಂತೆ ಕಾನೂನು ಮಾಡಿವೆ.

ನಮ್ಮಲ್ಲೂ ಕೋರ್ಟುಗಳು ಎಲ್ಲ ಕಡೆ ಸಿಬಿಲ್‌ಗೆ ಇದೇ ತೂಕ ಕೊಟ್ಟಿಲ್ಲ. ಸಿಬಿಲ್ ಅಂಕ ಕಡಿಮೆ ಇದೆ ಅಂತ ವಿದ್ಯಾರ್ಥಿಯ ಶಿಕ್ಷಣ ಸಾಲದ ಅರ್ಜಿ ತಿರಸ್ಕರಿಸಬಾರದು ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿತು. ಆದರೆ ಅದು ಸಾಲದ ವಿಷಯ, ಕೆಲಸದ್ದಲ್ಲ.

ಸಾಲದ ಹಿಂದಿನ ಕಾರಣ ಕೇಳುವ ಜಾಗ ನಮ್ಮ ನೌಕರರ ನಡತೆ ನಿಯಮದಲ್ಲಿದೆ. ಬ್ಯಾಂಕ್ ನೇಮಕಾತಿಯ ಷರತ್ತಿನಲ್ಲಿ ಇಲ್ಲ. ಸೇರಿದ ಮೇಲೆ ಕೇಳುವ ಪ್ರಶ್ನೆಯನ್ನು ಸೇರುವ ಮೊದಲು ಕೇಳುವುದಿಲ್ಲ ಅನ್ನುವುದೇ ಈ ಇಡೀ ವಿವಾದದ ಗಂಟು.

ಶಿಕ್ಷಣ ಸಾಲದ ಸುಳಿ

ಈ ಗಂಟು ಯಾರನ್ನು ಹೆಚ್ಚು ಬಿಗಿಯುತ್ತದೆ ನೋಡಿ. ರಾಯಚೂರಿನ ಹುಡುಗಿಯೊಬ್ಬಳು ಶಿಕ್ಷಣ ಸಾಲ ಮಾಡಿ ಎಂಜಿನಿಯರಿಂಗ್ ಮುಗಿಸಿದಳು ಅಂದುಕೊಳ್ಳಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ. ಆಮೇಲೆ ಶುರು. ಆ ಒಂದು ವರ್ಷದಲ್ಲಿ ಕೆಲಸ ಸಿಗದೆ ಅವಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಕೋಚಿಂಗ್ ಫೀಸು ಒಂದು ಕಡೆ, ಕಂತು ಇನ್ನೊಂದು ಕಡೆ. 90 ದಿನ ದಾಟಿದರೆ ಅದು ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಎರಡನೇ ಸಲ ಪರೀಕ್ಷೆ ಪಾಸಾಗಿ ನೇಮಕಾತಿ ಪತ್ರ ಬರುವ ಹೊತ್ತಿಗೆ ದಾಖಲೆ ಕೆಟ್ಟಿರುತ್ತದೆ. ಕೆಲಸ ಇಲ್ಲದ್ದಕ್ಕೆ ಸಾಲ ಕಟ್ಟಲಾಗಲಿಲ್ಲ, ಸಾಲ ಕಟ್ಟದ್ದಕ್ಕೆ ಕೆಲಸ ಇಲ್ಲ.

ಶಿಕ್ಷಣ ಸಾಲದಲ್ಲಿ ಅಪ್ಪ ಅಥವಾ ಅಮ್ಮ ಜಂಟಿ ಸಾಲಗಾರರಾಗಿರುತ್ತಾರೆ. ಹಾಗಾಗಿ ಇದರ ಬಾಕಿ ಇಬ್ಬರ ದಾಖಲೆಯಲ್ಲೂ ಕೂರುತ್ತದೆ. ಅಪ್ಪನ ಹೆಸರಲ್ಲಿ ಮಾತ್ರ ಇರುವ ಬೆಳೆ ಸಾಲ ಹಾಗಲ್ಲ. ಮಗಳು ಅದಕ್ಕೆ ಸಹಿ ಹಾಕಿಲ್ಲದಿದ್ದರೆ ಅದು ಅವಳ ಸಿಬಿಲ್‌ಗೆ ಬರುವುದಿಲ್ಲ. ಆದರೆ ಗೆಳೆಯನ ಟ್ರ್ಯಾಕ್ಟರ್ ಸಾಲಕ್ಕೆ ಸುಮ್ನೆ ಒಂದು ಸಹಿ ಅಂತ ಜಾಮೀನು ಹಾಕಿದ್ದರೆ ಬರುತ್ತದೆ.

ಚೆಕ್ಕು ಬೌನ್ಸ್ ಆದರೆ

ಸಾಲ ಕಟ್ಟದಿರುವುದು ಸಿವಿಲ್ ವಿಷಯ, ಅಪರಾಧ ಅಲ್ಲ. ಆದರೆ ಫೈನಾನ್ಸಿನವರಿಗೆ ಕೊಟ್ಟ ಚೆಕ್ಕು ಬೌನ್ಸ್ ಆದರೆ ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿಗೆ ಬರುತ್ತದೆ. ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ ಅಥವಾ ಎರಡೂ. ಖಾತೆಯಿಂದ ತಾನಾಗಿಯೇ ಕಂತು ಕಡಿತವಾಗುವ ವ್ಯವಸ್ಥೆಗೆ ಒಪ್ಪಿ, ಖಾತೆಯಲ್ಲಿ ದುಡ್ಡಿಲ್ಲದೆ ಅದು ವಾಪಸ್ಸಾದರೂ 2007ರ ಪಾವತಿ ವ್ಯವಸ್ಥೆ ಕಾಯ್ದೆಯಲ್ಲಿ ಇದೇ ತರಹದ ಕಲಮು ಇದೆ.

ಈ ಕೇಸು ಠಾಣೆಯಲ್ಲಿ ಎಫ್‌ಐಆರ್ ಆಗಿ ಶುರುವಾಗುವುದಿಲ್ಲ. ಸಾಲ ಕೊಟ್ಟವರು ನೋಟಿಸ್ ಕೊಡುತ್ತಾರೆ, ದುಡ್ಡು ಕಟ್ಟಲು 15 ದಿನ ಸಿಗುತ್ತದೆ, ಕಟ್ಟದಿದ್ದರೆ ನೇರ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತಾರೆ. ಹಾಗಾಗಿ ಎಷ್ಟೋ ಜನರಿಗೆ ತಮ್ಮ ಮೇಲೆ ಕ್ರಿಮಿನಲ್ ಕೇಸು ಇದೆ ಅನ್ನುವುದೇ ಮನಸ್ಸಿಗೆ ಬರುವುದಿಲ್ಲ. ದೃಢೀಕರಣ ನಮೂನೆಯಲ್ಲಿ ‘ಕೇಸು ಇದೆಯೇ’ ಅನ್ನುವಲ್ಲಿ ‘ಇಲ್ಲ’ ಅಂತ ಬರೆದುಬಿಡುತ್ತಾರೆ. ಸಾಲವನ್ನು ಕೇಳದ ಫಾರಂ ಕೊನೆಗೂ ಸಾಲದ ಕಾರಣಕ್ಕೇ ಕೆಲಸ ಕಿತ್ತುಕೊಳ್ಳಬಹುದಾದ ದಾರಿ ಇದು. ನಮೂನೆಯಲ್ಲಿ ಮಾಹಿತಿ ಮುಚ್ಚಿಟ್ಟವರನ್ನು ತೆಗೆಯುವ ಅಧಿಕಾರ ಸರ್ಕಾರಕ್ಕಿದೆ, ಆದರೆ ಕೇಸು ಎಷ್ಟು ದೊಡ್ಡದು, ಹುದ್ದೆ ಎಂಥದ್ದು ಅನ್ನುವುದನ್ನು ನೋಡಿ ತೀರ್ಮಾನಿಸಬೇಕು ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಬರೆದವರಿಗೆ ತಮ್ಮ ಕಥೆ ಹೇಳಲು ಒಂದು ಅವಕಾಶವಾದರೂ ಉಳಿಯುತ್ತದೆ.

ಸಿಬಿಲ್ ಕಣ್ಣಿಗೆ ಬೀಳದ ಸಾಲ

ಸಾಲ ನೋಡಿ ನಂಬಿಕೆ ಅಳೆಯುವ ಲೆಕ್ಕದಲ್ಲಿ ಇನ್ನೊಂದು ದೊಡ್ಡ ತೂತಿದೆ, ಅದು ನಮ್ಮ ಭಾಗದಲ್ಲೇ ಚೆನ್ನಾಗಿ ಕಾಣುತ್ತದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಮೈಕ್ರೋ ಫೈನಾನ್ಸ್ ಕಂಪನಿಯ ವಾರದ ಕಂತು ತಪ್ಪಿದರೆ ಅದು ದಾಖಲೆಗೆ ಹೋಗುತ್ತದೆ. ಮೀಟರ್ ಬಡ್ಡಿಯವರ ಹತ್ತಿರ ಮಾಡಿದ ಸಾಲ, ಕೈಗಡ, ಚೀಟಿ ವ್ಯವಹಾರದ ಬಾಕಿ, ಇವು ಯಾವುದೂ ಹೋಗುವುದಿಲ್ಲ.

ಆದರೆ ಮನುಷ್ಯನ ಮೇಲೆ ಒತ್ತಡ ಹಾಕುವುದು ಯಾವ ಸಾಲ? ಮನೆ ಮುಂದೆ ಬಂದು ಕೂತು ಮಾನ ತೆಗೆಯುವವರು ಯಾರು? ಕಿರುಕುಳದ ಸುದ್ದಿಗಳು ಹೆಚ್ಚಾಗಿಯೇ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಂತ ಅದರಲ್ಲಿ ಇಟ್ಟಿತು. ನೋಂದಣಿ ಇಲ್ಲದವರು ಬಡವರಿಗೆ ಕೊಟ್ಟ ಸಾಲ ಮನ್ನಾ ಆದಂತೆಯೇ ಎಂದೂ ಹೇಳಿತು.

ವಾಕರ್, ಏಮ್ಸ್‌ನಂಥವರಿಂದ ಅಮೆರಿಕ ಕಲಿತದ್ದು, ಕೊರಳಿಗೆ ಬಿದ್ದ ಗುಟ್ಟಿನ ಸಾಲ ಅಪಾಯ ಅಂತ. ನಮ್ಮ ಬ್ಯಾಂಕುಗಳ ಜರಡಿ ಹಿಡಿಯುವುದು ಬೆಳಕಿನಲ್ಲಿರುವ ಸಾಲವನ್ನು ಮಾತ್ರ. ನಿಯಮದ ಪ್ರಕಾರ ಬ್ಯಾಂಕಿಗೆ ಹೋಗಿ, ಆಧಾರ್ ಕೊಟ್ಟು, ಸಹಿ ಹಾಕಿ ಸಾಲ ತೆಗೆದುಕೊಂಡವರು ಸಿಕ್ಕಿಬೀಳುತ್ತಾರೆ. ಕತ್ತಲಲ್ಲಿ ಹತ್ತು ಪರ್ಸೆಂಟ್ ಬಡ್ಡಿಗೆ ತಂದವರ ದಾಖಲೆ ಹಾಲಿನಂತೆ ಬೆಳ್ಳಗಿರುತ್ತದೆ.

ಪರೀಕ್ಷೆಗೆ ಓದುತ್ತಿರುವವರು ಮಾಡಬಹುದಾದದ್ದು

ನಿಯಮ ಬದಲಾಗುವವರೆಗೆ ಇರುವ ನಿಯಮದಲ್ಲೇ ದಾರಿ ಹುಡುಕಬೇಕು. ಷರತ್ತಿನ ಮಾತು ಬ್ಯಾಂಕಿನಿಂದ ಬ್ಯಾಂಕಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೋದ ವರ್ಷದ ಪ್ರಕಟಣೆ ನೋಡಿ ಧೈರ್ಯ ತಂದುಕೊಳ್ಳಬೇಡಿ, ಹೆದರಿಕೊಳ್ಳಲೂ ಬೇಡಿ. ಮುಖ್ಯವಾಗಿ ನೋಡಬೇಕಾದದ್ದು ಎರಡೇ: ಷರತ್ತು ಕೇಳುತ್ತಿರುವುದು ಈಗಿನ ಬಾಕಿಯನ್ನೋ, ಹಿಂದಿನ ದಾಖಲೆಯನ್ನೋ. ಯಾವ ದಿನಾಂಕದೊಳಗೆ ಸರಿಯಾಗಿರಬೇಕು.

ದೇಶದಲ್ಲಿ ಸಾಲದ ದಾಖಲೆ ಇಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪ್ರತಿ ಸಂಸ್ಥೆಯೂ ಪುಕ್ಕಟೆ ಕೊಡಬೇಕು. ಅರ್ಜಿ ಹಾಕುವ ಮೊದಲೇ ತೆಗೆಸಿ ನೋಡಿ. ನೀವು ಮಾಡದ ಸಾಲ, ಮುಗಿದರೂ ಮುಗಿದಿಲ್ಲ ಅಂತ ತೋರಿಸುವ ಸಾಲ ಅದರಲ್ಲಿ ಇರಬಹುದು.

ಲೋಕ ಅದಾಲತ್‌ನಲ್ಲೋ ಬ್ಯಾಂಕಿನಲ್ಲೋ ಒಂದೇ ಕಂತಿನಲ್ಲಿ ಕಡಿಮೆ ದುಡ್ಡು ಕಟ್ಟಿ ಸಾಲ ಮುಗಿಸುವವರು ಒಂದು ಸಂಗತಿ ತಿಳಿದಿರಬೇಕು. ಅದು ದಾಖಲೆಯಲ್ಲಿ ‘ಕ್ಲೋಸ್ಡ್’ ಅಂತ ಅಲ್ಲ, ‘ಸೆಟಲ್ಡ್’ ಅಂತ ಬೀಳುತ್ತದೆ. ಮುಂದೆ ನೋಡುವವರಿಗೆ ಅದು ಪೂರ್ತಿ ಕಟ್ಟಲಿಲ್ಲ ಅನ್ನುವ ಗುರುತು. ಬ್ಯಾಂಕ್ ಕೆಲಸದ ಆಸೆ ಇದ್ದವರು ಇನ್ನಷ್ಟು ಹೊಂದಿಸಿ ಪೂರ್ತಿ ಕಟ್ಟಲು ಆಗುತ್ತದೆಯೇ ಅಂತ ಮೊದಲು ನೋಡುವುದು ಒಳ್ಳೆಯದು. ಬೇಬಾಕಿ ಪತ್ರವನ್ನು ಶಾಖೆಯ ಸೀಲು, ಸಹಿಯೊಂದಿಗೆ ಆವತ್ತೇ ಪಡೆದುಕೊಳ್ಳಿ.

ಪತ್ರ ಕೈಗೆ ಬಂದ ದಿನವೇ ದಾಖಲೆ ಬದಲಾಗುವುದಿಲ್ಲ. ಬ್ಯಾಂಕುಗಳು ಮಾಹಿತಿ ಕಳಿಸುವುದು ನಿಗದಿತ ಅವಧಿಗೊಮ್ಮೆ. ಮೊದಲು ತಿಂಗಳಿಗೊಮ್ಮೆ ಇದ್ದದ್ದನ್ನು 2025ರ ಜನವರಿಯಲ್ಲಿ 15 ದಿನಕ್ಕೆ ಇಳಿಸಲಾಯಿತು. ತಪ್ಪಿದ್ದರೆ ದೂರು ಕೊಟ್ಟ 30 ದಿನದಲ್ಲಿ ಸರಿಪಡಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. ಆ ನೂರು ರೂಪಾಯಿಯಿಂದ ಕೈತಪ್ಪಿದ ಕೆಲಸ ವಾಪಸ್ ಬರುವುದಿಲ್ಲ. ಹಾಗಾಗಿ ನೇಮಕಾತಿ ಪತ್ರ ಬಂದ ಮೇಲೆ ಓಡಾಡುವ ಬದಲು, ಮೇನ್ಸ್ ಪರೀಕ್ಷೆ ಬರೆದು ಫಲಿತಾಂಶ ಕಾಯುವ ತಿಂಗಳುಗಳಲ್ಲೇ ಈ ಕೆಲಸ ಮುಗಿಸಿಕೊಳ್ಳಲು ಸಮಯ ಸಿಗುತ್ತದೆ.